ಅರ್ಧ ಸ್ವರ ಕೆಳಗೆ

ಯಂಗ್ಸ್‌ಟೌನ್, ಓಹಾಯೋ
ಜನವರಿ 11, 1959

ಬೆರಾರ್ಡಿ ಮೇಷ್ಟ್ರಿಗೆ,

ನಲವತ್ತೊಂದನೇ ಟೇಪಿನ ಸುರುಳಿ ಕಳಿಸುತ್ತಿದ್ದೇನೆ. ಡಬ್ಬಿಗೆ ಎರಡು ಸುತ್ತು ದಾರ ಕಟ್ಟಿದ್ದೇನೆ. ಅಂಚೆಯವನು ಒಂದೇ ಸಾಕು ಅಂದ, ಆದರೆ ಅವನ ಮಾತು ಕೇಳಿ ಹೋದ ವರ್ಷ ಒಂದು ಡಬ್ಬಿ ಬಾಯಿ ಬಿಟ್ಟುಕೊಂಡು ನಿಮ್ಮ ಮನೆ ತಲುಪಿತ್ತು. ಒಳಗೆ ಮೇಣದ ಕಾಗದ ಇದೆ. ಅದನ್ನು ಎಸೆಯಬೇಡಿ, ಕೇಳಿದ ಮೇಲೆ ಸುರುಳಿ ವಾಪಸ್ ಕಳಿಸುವಾಗ ಬೇಕಾಗುತ್ತದೆ.

ನೀವು ಹೇಳಿದ ಹಾಗೇ ಮಾಡಿದೆ. ನಿಮ್ಮ 1949ರ ಗ್ರಾಮಫೋನ್ ತಟ್ಟೆಯಲ್ಲಿರುವ ನುಡಿಸಾಣಿಕೆಯನ್ನು ಮೊದಲು ಬಾಯಲ್ಲಿ ಹಾಡಿದೆ, ಹನ್ನೊಂದು ವಾರ. ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವಾಗಲೂ ಹಾಡಿದೆ. ಪಕ್ಕದ ಮೇಜಿನ ಬರ್ನೀಸ್ ಎರಡು ವಾರ ತಡೆದುಕೊಂಡು, ಆಮೇಲೆ ತನ್ನ ಮೇಜು ಬದಲಾಯಿಸಿಕೊಂಡಳು. ಉಸಿರಿಗೆ ಕೂತ ಮೇಲಷ್ಟೇ ಪಿಯಾನೋ ಮುಟ್ಟಿದೆ. ಸುರುಳಿಯ ಮೊದಲರ್ಧ ನಿಮ್ಮದು, ಉಳಿದರ್ಧ ಅದೇ ಹಾಡಿನ ಮೇಲೆ ನಾನು ಕಟ್ಟಿದ್ದು. ತಾಳಯಂತ್ರವನ್ನು ನಿಮಿಷಕ್ಕೆ ನೂರರುವತ್ತು ಬಡಿತಕ್ಕೆ ಇಟ್ಟು ಅಭ್ಯಾಸ ಮಾಡಿ, ಟೇಪ್ ಓಡಿಸುವಾಗ ನಿಮ್ಮ ನಿಯಮದಂತೆ ನಿಲ್ಲಿಸಿದ್ದೇನೆ. ಹಿಂದೆ ಟಿಕ್ ಟಿಕ್ ಕೇಳಿಸುವುದು ಗೋಡೆ ಗಡಿಯಾರ. ಚಿಕ್ಕಪ್ಪ ರೈಲ್ವೆಯಲ್ಲಿದ್ದಾಗ ಸ್ಟೇಷನ್ನಿನಿಂದ ಬಂದದ್ದು, ಸೆಕೆಂಡಿಗೊಂದು ಸದ್ದು, ತಪ್ಪಿದ್ದೇ ಇಲ್ಲ. ಅರ್ಧ ಗಂಟೆ ನಿಲ್ಲಿಸಲೇ ಅಂತ ಒಡೆಸ್ಸಾ ಚಿಕ್ಕಮ್ಮನನ್ನು ಕೇಳಿದರೆ, "ಅದು ನಿಲ್ಲೋದು ಮನೇಲಿ ಸಾವಾದಾಗ. ನಿಮ್ ಚಿಕ್ಕಪ್ಪ ಹೋದಾಗ ನಿಲ್ಸಿದ್ದೆ. ನಿನ್ ಮೇಷ್ಟ್ರಿಗೋಸ್ಕರ ನಾನು ಸಾಯ್ಲಾ?" ಅಂದಳು.

ನೂರರುವತ್ತು ನೂರರುವತ್ತೇ ಇದೆ ಅಂತ ಅಂದುಕೊಂಡಿದ್ದೇನೆ. ಆದರೆ ನಾಲ್ಕು ವರ್ಷದಿಂದ ಅಂದುಕೊಂಡಾಗಲೆಲ್ಲ ನೀವು ಅವಸರ ಅಂತಲೇ ಬರೆದಿದ್ದೀರಿ. ಅದಕ್ಕೇ ಗಟ್ಟಿಯಾಗಿ ಹೇಳಲಾರೆ.

ಇನ್ನೊಂದು ವಿಷಯ. ವಿಲ್ಸನ್ ರಸ್ತೆಯ ಹಾಲ್ ನಡೆಸುವ ಪರ್ಡಿ ಅವರು ಶನಿವಾರಗಳಲ್ಲಿ ನುಡಿಸುತ್ತೀಯಾ ಅಂತ ಕೇಳಿದ್ದಾರೆ. ಅಕ್ಟೋಬರಿನವರೆಗೆ ಕಾಯುತ್ತಾರಂತೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ನೀವು 'ತಯಾರಾಗಿದ್ದೀಯ' ಅನ್ನದೆ ಚರ್ಚಿನಾಚೆ ಜನರ ಮುಂದೆ ಕೂರುವುದಿಲ್ಲ ಅಂತ ನಿಮಗೆ ಮಾತು ಕೊಟ್ಟಿದ್ದೇನೆ. ನನಗೀಗ ಮೂವತ್ತೆರಡು. ತಯಾರಾಗಿದ್ದೇನೆಯೇ?

ಪಿಯಾನೋ ಶ್ರುತಿಯಲ್ಲಿದೆ.

ವರ್ನಾ ಟಾಲಿವರ್

*

ಫ್ಲಶಿಂಗ್, ನ್ಯೂಯಾರ್ಕ್
ಫೆಬ್ರವರಿ 20, 1959

ವರ್ನಾ,

ಅವಸರ. ಕೈಗಡಿಯಾರ ಹಿಡಿದು ಎಣಿಸಿದೆ. ನೂರರುವತ್ತು ಅಂತ ಬರೆದಿದ್ದೀಯ, ನುಡಿಸಿದ್ದು ನೂರೆಪ್ಪತ್ತು.

ನಿನ್ನ ಟೇಪ್ ಯಂತ್ರ ಈ ಸಲವೂ ನಿಧಾನ ಓಡಿದೆ. ಎಂದಿನಂತೆ ಎಲ್ಲವೂ ಅರ್ಧ ಸ್ವರ ಕೆಳಗೆ ಬಿದ್ದಿತ್ತು. ನನ್ನ ಯಂತ್ರದಲ್ಲಿ ಟೇಪನ್ನು ಎಳೆಯುವ ಅಚ್ಚಿಗೆ ಅಂಟುಪಟ್ಟಿ ಸುತ್ತಿ ದಪ್ಪ ಮಾಡಿ, ವೇಗ ಏರಿಸಿ, ಸ್ವರವನ್ನು ಅದರ ಜಾಗಕ್ಕೆ ತಂದು ಕೇಳಿದೆ. ಇದನ್ನು ನಾನು ಎಷ್ಟು ವರ್ಷ ಮಾಡಬೇಕು? ರಿಪೇರಿ ಮಾಡಿಸು.

ನಮ್ಮ ಜಾಜ್ ಸಂಗೀತ ತಣ್ಣಗಿರಬೇಕು ಅಂದಾಗ ನಿಧಾನ ಇರಬೇಕು ಅಂತ ನಾನು ಹೇಳಿಲ್ಲ. ಎಲ್ಲಿಗೂ ಓಡಬೇಕಿಲ್ಲದವನು ನಡೆಯುವ ಹಾಗಿರಬೇಕು. ನೀನು ಬಸ್ಸು ತಪ್ಪಿಹೋಗುವವಳ ಹಾಗೆ ನುಡಿಸುತ್ತೀಯ. ಹಾಲ್ ಬೇಡ. ಇನ್ನೂ ಇಲ್ಲ.

ಒಂದು ಸುದ್ದಿ. ಮಾರ್ಟ್ ಲಾಸ್ಕರ್ ಅಂತ ಒಬ್ಬ ತಟ್ಟೆ ತೆಗೆಯುವವನು ಗಂಟು ಬಿದ್ದಿದ್ದಾನೆ. ನನ್ನ ಮನೆಯಲ್ಲಿ ಪೆಟ್ಟಿಗೆಗಟ್ಟಲೆ ಬಿದ್ದಿರುವ ಹಳೆಯ ಸುರುಳಿಗಳಿಂದ ಆರಿಸಿ ಒಂದು ತಟ್ಟೆ ಮಾಡಬೇಕಂತೆ. ಎಂಟು ವರ್ಷಗಳ ಮೇಲೆ. ಹೂಂ ಅಂದಿದ್ದೇನೆ. ಯಾರಿಗೂ ಹೇಳಬೇಡ.

ಎ. ಬೆರಾರ್ಡಿ

*

ಯಂಗ್ಸ್‌ಟೌನ್
ಮಾರ್ಚ್ 9, 1959

ಬೆರಾರ್ಡಿ ಮೇಷ್ಟ್ರಿಗೆ,

ನಿಮ್ಮ ಕಾಗದ ಮೂರು ಸಲ ಓದಿದೆ. ಚಿಕ್ಕಮ್ಮ ಅಡುಗೆಮನೆಯಿಂದ, "ಲೇ ವರ್ನಾ, ಬೈಗುಳ ಓದೋಕೂ ಎದ್ದು ನಿಂತ್ಕೋತೀಯಲ್ಲೇ, ಕೂತ್ಕೊಂಡು ಬೈಸ್ಕೋ" ಅಂದಳು. ಕೂತು ಓದಿದರೂ ನೂರೆಪ್ಪತ್ತು ನೂರೆಪ್ಪತ್ತೇ.

ತಟ್ಟೆಯ ಸುದ್ದಿಗೆ ಏನು ಬರೆಯಬೇಕೋ ತಿಳಿಯದು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಸಂತೋಷಕ್ಕೆ ತಕ್ಕ ಮಾತು ಗೊತ್ತಿಲ್ಲ. ಯಾರಿಗೂ ಹೇಳಿಲ್ಲ. ಚಿಕ್ಕಮ್ಮನಿಗೆ ಹೇಳಿದೆ, ಆದರೆ ಅವಳು ಮರೆಯುತ್ತಾಳೆ. ಮರೆಯದಿದ್ದರೆ ಅಂತ ಈಗ ಭಯವಾಗುತ್ತಿದೆ.

ತಾಳಯಂತ್ರವೇ ಕೆಟ್ಟಿರಬಹುದು ಅಂತ ಗಡಿಯಾರದ ಮುಂದಿಟ್ಟು ನೋಡಿದೆ. ಅರುವತ್ತಕ್ಕೆ ಇಟ್ಟರೆ ಎರಡೂ ಒಂದಾಗಿ ಬಡಿಯುತ್ತವೆ. ಹಾಗಾದರೆ ಕೆಟ್ಟಿರುವುದು ನಾನೇ. ಚರ್ಚಿನಲ್ಲಿ ಭಾನುವಾರ ನುಡಿಸುವಾಗಲೂ ಈಗ ಅನುಮಾನ. ಹಾಡುವವರ ಮುಖ ನೋಡುತ್ತೇನೆ, ಉಸಿರು ಕಟ್ಟುತ್ತಿದೆಯೇನೋ ಅಂತ.

ಟೇಪ್ ಯಂತ್ರದ ವಿಚಾರ ನೋಡುತ್ತೇನೆ.

ಕೇಳಬಾರದ ಮಾತು ಒಂದು ಕೇಳುತ್ತೇನೆ. ಅಷ್ಟು ಚೆನ್ನಾಗಿ ನಡೆಯುತ್ತಿದ್ದಾಗ ನೀವು ಜನರ ಮುಂದೆ ನುಡಿಸುವುದನ್ನು ಯಾಕೆ ಬಿಟ್ಟಿರಿ? ಉತ್ತರಿಸಲೇಬೇಕು ಅಂತಿಲ್ಲ.

ವರ್ನಾ

*

ಫ್ಲಶಿಂಗ್
ಮೇ 3, 1959

ವರ್ನಾ,

ಯಾಕೆ ಬಿಟ್ಟೆ ಅಂತ ಕೇಳಿದ್ದೀಯ. 1951ರಲ್ಲಿ ಒಂದು ಕ್ಲಬ್ಬಿನಲ್ಲಿ ನುಡಿಸುತ್ತಿದ್ದಾಗ ಮುಂದಿನ ಮೇಜಿನವನು ಮಾಂಸ ಬೆಂದಿಲ್ಲ ಅಂತ ಜಗಳ ತೆಗೆದ. ನಾನು ಮುಚ್ಚಳ ಹಾಕಿ, ಕೋಟು ತೊಟ್ಟು ಮನೆಗೆ ಬಂದೆ. ಎಲ್ಲರಿಗೂ ಗೊತ್ತಿರುವ ಕಥೆ ಇದು. ಆಮೇಲೆ ಕಲಿಸಿದೆ. ಮೂರನೇ ಮಹಡಿಗೆ ವಾರಕ್ಕೆ ಇಪ್ಪತ್ತೆರಡು ಜನ ಹತ್ತಿ ಬರುತ್ತಾರೆ, ಅಂಚೆಯಲ್ಲಿ ನೀನೊಬ್ಬಳು. ಸಾಕು.

ತಟ್ಟೆಯ ಮಾದರಿ ಪ್ರತಿ ಕಳಿಸುತ್ತಿದ್ದೇನೆ. ನನ್ನ ನುಡಿಸಾಣಿಕೆಯನ್ನು ನಿನ್ನಷ್ಟು ಬಾಯಿಪಾಠ ಮಾಡಿದವರು ಇಲ್ಲ. ಎಲ್ಲಿ ಸಡಿಲ ಇದೆ ಹೇಳು. ನಾಲ್ಕು ಹಾಡು 1954ರವು. ಎರಡನೇ ಬದಿಯ ಮೊದಲನೆಯದು ಮಾತ್ರ ಯಾವಾಗಿನದೋ ನೆನಪಿಲ್ಲ. ಸುರುಳಿಗೆ ಚೀಟಿ ಇರಲಿಲ್ಲ. ಹಾಡು ನನ್ನದೇ, ಬೆರಳು ಇಡುವ ರೀತಿಯೂ ನನ್ನದೇ. 1956ರ ಚಳಿಗಾಲದಲ್ಲಿ ಒಬ್ಬನೇ ಕೂತು ನುಡಿಸಿದ್ದಿರಬೇಕು. ಲಾಸ್ಕರ್ ಅದನ್ನು ಕೇಳಿ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಇಡೀ ತಟ್ಟೆಗೆ 'ಚಳಿಗಾಲದ ಕೋಣೆ' ಅಂತ ಅದರ ಹೆಸರನ್ನೇ ಇಟ್ಟಿದ್ದಾನೆ.

ಅದನ್ನು ನುಡಿಸುತ್ತಿರುವವನಿಗೆ ಭಯವೇ ಇಲ್ಲ. ಅವನನ್ನು ನಾನು ಎಲ್ಲಿ ಕಳೆದುಕೊಂಡೆ ಅಂತ ಯೋಚಿಸುತ್ತೇನೆ.

ಸೆಪ್ಟೆಂಬರ್ ಹದಿನೈದಕ್ಕೆ ಅಚ್ಚಿಗೆ ಹೋಗುತ್ತದೆ.

ಎ. ಬೆರಾರ್ಡಿ

*

ಯಂಗ್ಸ್‌ಟೌನ್
ಮೇ 24, 1959

ಬೆರಾರ್ಡಿ ಮೇಷ್ಟ್ರಿಗೆ,

ತಟ್ಟೆ ಬಿರುಕಿಲ್ಲದೆ ತಲುಪಿತು. ಚೆನ್ನಾಗಿದೆ. ಎಲ್ಲವೂ ಚೆನ್ನಾಗಿದೆ.

ಎರಡನೇ ಬದಿಯ ಮೊದಲನೆಯದರಲ್ಲಿ ಹಿಂದೆ ಒಂದು ಟಿಕ್ ಟಿಕ್ ಇದೆಯಲ್ಲ, ಅದು ನಿಮಗೂ ಕೇಳಿಸುತ್ತದೆಯೇ?

ವರ್ನಾ

*

ಫ್ಲಶಿಂಗ್
ಜೂನ್ 6, 1959

ವರ್ನಾ,

ನಾಲ್ಕು ಪುಟಕ್ಕೆ ಕಡಿಮೆ ಎಂದೂ ಬರೆಯದವಳು ನಾಲ್ಕು ಸಾಲು ಬರೆದಿದ್ದೀಯ. 'ಚೆನ್ನಾಗಿದೆ' ಅನ್ನುವುದನ್ನು ಹಾಲಿನವನೂ ಹೇಳುತ್ತಾನೆ. ಹಿಡಿಸದಿದ್ದರೆ ಹಿಡಿಸಲಿಲ್ಲ ಅನ್ನು. ಪರ್ಡಿಯ ಹಾಲ್ ಬೇಡ ಅಂದದ್ದಕ್ಕೆ ಸಿಟ್ಟಿದ್ದರೆ ಅದನ್ನೂ ಹೇಳು.

ಟಿಕ್ ಟಿಕ್ ನನ್ನ ಕೋಣೆಯ ರೇಡಿಯೇಟರ್. ಚಳಿಗಾಲದಲ್ಲಿ ಬಡಿಯುತ್ತದೆ. ಲಾಸ್ಕರನಿಗೆ ಆ ಸದ್ದೂ ಇಷ್ಟ.

ನೀನಾಗಿ ಹೇಳಲಿಲ್ಲ, ನಾನೇ ಹೇಳುತ್ತೇನೆ. ಅದರಲ್ಲಿ ನಾನು ತುಸು ಅವಸರ ಮಾಡಿದ್ದೇನೆ. ಎಣಿಸಿದೆ. ಆದರೆ ಅಲ್ಲಿ ಅದು ತಪ್ಪಾಗಿ ಕೇಳಿಸುವುದಿಲ್ಲ, ಮೈಗೆ ರಕ್ತ ಬಂದ ಹಾಗಿದೆ. ನಲವತ್ತೇಳನೇ ವಯಸ್ಸಿನಲ್ಲಿ ಇದೂ ಒಂದು ಕಲಿತೆ.

ಎ. ಬೆರಾರ್ಡಿ

*

ಯಂಗ್ಸ್‌ಟೌನ್
ಜುಲೈ 26, 1959

ಬೆರಾರ್ಡಿ ಮೇಷ್ಟ್ರಿಗೆ,

ಈ ಕಾಗದವನ್ನು ಏಳು ವಾರದಿಂದ ಬರೆಯುತ್ತಿದ್ದೇನೆ, ಹರಿಯುತ್ತಿದ್ದೇನೆ. ಇವತ್ತು ಹರಿಯದೆ ಅಂಚೆಗೆ ಹಾಕುತ್ತೇನೆ.

ಊರಿನಲ್ಲಿ ಉಕ್ಕಿನ ಕಾರ್ಖಾನೆಗಳು ಮುಷ್ಕರದಿಂದ ನಿಂತು ಹನ್ನೊಂದು ದಿನವಾಯಿತು. ಹಗಲೂ ರಾತ್ರಿಯೂ ಇರುತ್ತಿದ್ದ ಅವುಗಳ ಗುಡುಗು ನಿಂತುಹೋಗಿದೆ. ಒಣಹಾಕಿದ ಬಟ್ಟೆ ಬೆಳ್ಳಗೇ ಉಳಿಯುತ್ತದೆ. ಮನೆಯೊಳಗೆ ಗಡಿಯಾರವೊಂದೇ. ಆ ಸದ್ದಿನಲ್ಲಿ ಕೂತು ನಿಮ್ಮ ತಟ್ಟೆ ಹಾಕಿದೆ.

ಮೇ ತಿಂಗಳಲ್ಲಿ ಮೊದಲ ಸಲ ಕೇಳಿದಾಗ ನಿಮ್ಮದೇ ಅಂದುಕೊಂಡೆ. ನನಗೆ ಗೊತ್ತಿರುವುದಕ್ಕಿಂತ ಎತ್ತರದ ಸ್ವರ, ಹೆಚ್ಚಿನ ವೇಗ. ಆದರೆ ಮಡಿಲಲ್ಲಿದ್ದ ನನ್ನ ಬೆರಳುಗಳು ಮುಂದಿನ ಸ್ವರಕ್ಕೆ ತಟ್ಟೆಗಿಂತ ಮೊದಲೇ ಹೋಗಿ ಕೂರುತ್ತಿದ್ದವು. ಹಾಡಿ ಕಲಿತದ್ದಕ್ಕೆ ಹಾಗಾಗುತ್ತದೆ, ಸರಿ. ಆದರೆ ಇದನ್ನು ನಾನು ಎಂದೂ ಹಾಡಿ ಕಲಿತಿಲ್ಲ. 1957ರ ಫೆಬ್ರವರಿಯ ಇಪ್ಪತ್ತಮೂರನೇ ಸುರುಳಿಯಲ್ಲಿ ನಿಮ್ಮ ಹಾಡಿನ ಮೇಲೆ ನಾನೇ ಕಟ್ಟಿದ್ದು. ನೀವು ಅದನ್ನು ಒಂದೇ ಪದ ಬರೆದು ವಾಪಸ್ ಕಳಿಸಿದ್ದಿರಿ. ಯಾವ ಪದ ಅಂತ ನಿಮಗೆ ಗೊತ್ತು. ಆ ಸುರುಳಿಯ ಮೇಲೇ ಮುಂದಿನ ಪಾಠ ತುಂಬಿದ್ದರಿಂದ ಹೋಲಿಸಿ ನೋಡಲು ನನ್ನಲ್ಲಿ ಅದು ಉಳಿದಿಲ್ಲ.

ಹೀಗೆ ಅಂದುಕೊಂಡದ್ದಕ್ಕೇ ನಾಚಿಕೆಯಾಯಿತು. ಅದಕ್ಕೇ 'ಚೆನ್ನಾಗಿದೆ' ಅಂತ ಬರೆದೆ.

ಮೊನ್ನೆ ಚಿಕ್ಕಮ್ಮನ ಕೈಗೆ ಕೈಗಡಿಯಾರ ಕೊಟ್ಟು, ತಟ್ಟೆಯ ಟಿಕ್ ಟಿಕ್ ಅರುವತ್ತು ಎಣಿಸಿದೆ. ಐವತ್ತಾರೂವರೆ ಸೆಕೆಂಡು. ಇನ್ನೊಮ್ಮೆ ಎಣಿಸಿದೆ, ಅಷ್ಟೇ. ಚಿಕ್ಕಮ್ಮ ಗೋಡೆ ನೋಡಿದಳು, ತಟ್ಟೆ ನೋಡಿದಳು. "ಅದು ನಮ್ ಗಡಿಯಾರಾನೇ ಕಣೇ. ಆ ಎಡಗಾಲು ಎಳೆಯೋ ಸದ್ದು ಮೂವತ್ತು ವರ್ಷದಿಂದ ಕೇಳ್ತಿದೀನಿ. ಅದ್ಯಾಕೆ ಹಿಂಗ್ ಓಡ್ತಿದೆ? ಯಾರು ಅಟ್ಟಿಸ್ಕೊಂಡ್ ಬಂದ್ರು?" ಅಂದಳು.

ಯಾರು ಅಂತ ಹೇಳುತ್ತೇನೆ. ನಾನು ನಿಮಗೆ ನಾಲ್ಕು ವರ್ಷದಿಂದ ಸುಳ್ಳು ಬರೆದಿದ್ದೇನೆ. ಶ್ರುತಿ ಇಲ್ಲದ ಪಿಯಾನೋ ಇರುವವರು ನನಗೆ ಬರೆಯಬೇಡಿ ಅಂತ ನಿಮ್ಮ ಮೊದಲ ಕಾಗದದಲ್ಲೇ ಇತ್ತು. ನಮ್ಮ ಪಿಯಾನೋದ ಕಬ್ಬಿಣದ ಚೌಕಟ್ಟಿನಲ್ಲಿ ಬಿರುಕಿದೆ. ತಂತಿಗಳನ್ನು ಪೂರ್ತಿ ಬಿಗಿದರೆ ಎರಡಾಗುತ್ತದೆ ಅಂತ ಶ್ರುತಿ ಮಾಡುವವನು ಎಲ್ಲ ತಂತಿಗಳನ್ನೂ ಸಮನಾಗಿ ಅರ್ಧ ಸ್ವರ ಇಳಿಸಿಟ್ಟ. ಟೇಪ್ ಯಂತ್ರ ಯಾವತ್ತೂ ಸರಿಯಾಗಿಯೇ ಓಡಿದೆ. ಯಂತ್ರ ನಿಧಾನ ಅಂತ ನೀವು ಬರೆದಾಗ ನಾನು ಸುಮ್ಮನಿದ್ದೆ. ಪಿಯಾನೋದ ಗುಟ್ಟು ಉಳಿಯಿತಲ್ಲ ಅಂತ ಸಮಾಧಾನವೇ ಆಯಿತು. ನೀವು ಅಂಟುಪಟ್ಟಿ ಸುತ್ತಿ ಸ್ವರ ಏರಿಸಿದಾಗ ವೇಗವೂ ಏರುತ್ತದೆ ಅನ್ನುವುದು ಮಾತ್ರ ನನಗೆ ಹೊಳೆದಿರಲಿಲ್ಲ. ನಂಬಿ.

ಪರೀಕ್ಷೆ ಸುಲಭ. ನಿಮ್ಮಲ್ಲೇ ಉಳಿದಿರುವ ನನ್ನ ನಲವತ್ತೊಂದನೇ ಸುರುಳಿಯನ್ನು ಅಂಟುಪಟ್ಟಿ ಸುತ್ತಿ ಓಡಿಸಿ, ತಟ್ಟೆಯದೇ ಟಿಕ್ ಟಿಕ್ ಕೇಳಿಸುತ್ತದೆ. ಆಮೇಲೆ ಬಿಚ್ಚಿ ಓಡಿಸಿ. ಟಿಕ್ ಟಿಕ್ ಸೆಕೆಂಡಿಗೊಂದು ಬಂದರೆ ಅದು ನಮ್ಮ ಗೋಡೆ. ಬರದಿದ್ದರೆ ನಾನು ಹುಚ್ಚಿ, ಕ್ಷಮಿಸಿ, ಈ ಕಾಗದ ಸುಟ್ಟುಬಿಡಿ.

ನಿಮ್ಮ ತಟ್ಟೆ ಕೆಡಿಸಲು ಬರೆಯುತ್ತಿಲ್ಲ. ಹೆಸರಿನ ಆಸೆ ಇಲ್ಲ ಅಂತ ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದೆ, ಅದು ನಿಜವೋ ಅಲ್ಲವೋ ನನಗೇ ಗೊತ್ತಿಲ್ಲ. ಸುಳ್ಳುಗಾರ್ತಿಗೆ ಇನ್ನು ಪಾಠವಿಲ್ಲ ಅಂದರೂ ತಕ್ಕದ್ದೇ. ಒಂದನ್ನು ಮಾತ್ರ ತಿಳಿಸಿ. ನಾಲ್ಕು ವರ್ಷದಲ್ಲಿ ನಾನು ನಿಜವಾಗಿಯೂ ಅವಸರ ಮಾಡಿದ್ದೆನೇ?

ವರ್ನಾ ಟಾಲಿವರ್

*

ಯಂಗ್ಸ್‌ಟೌನ್
ಆಗಸ್ಟ್ 30, 1959

ಬೆರಾರ್ಡಿ ಮೇಷ್ಟ್ರಿಗೆ,

ಐದು ವಾರವಾಯಿತು. ನನ್ನ ಕಾಗದ ತಲುಪಿದೆಯೋ ಇಲ್ಲವೋ. ತಲುಪದಿದ್ದರೆ ಒಳ್ಳೆಯದು ಅಂತ ಬೆಳಿಗ್ಗೆ ಅನ್ನಿಸುತ್ತದೆ, ಸಂಜೆಗೆ ಬೇರೆ ಅನ್ನಿಸುತ್ತದೆ. ಅಂಚೆ ಡಬ್ಬಿಗೆ ಹಾಕಿದ ಕೂಡಲೇ ಕೈ ತೂರಿಸಿ ತೆಗೆಯಲು ನೋಡಿದ್ದೆ, ಮೊಣಕೈ ತರಚಿತು ಅಷ್ಟೆ.

ಪರ್ಡಿ ಅವರು ಮತ್ತೆ ಕೇಳಿದರು. "ಏನಮ್ಮಾ, ಪೋಪ್ ಅಪ್ಪಣೆ ಬಂತಾ?" ಅಂದರು. ಇನ್ನೂ ಇಲ್ಲ ಅಂದೆ. ಅಕ್ಟೋಬರ್ ಮೂರಕ್ಕೆ ಕೊನೆಯಂತೆ.

ಅಚ್ಚಿಗೆ ಇನ್ನು ಹದಿನಾರು ದಿನ. ನೀವು ಏನೂ ಬರೆಯದೆ ತಟ್ಟೆ ಹೊರಬಂದರೆ ನಾನು ಬಾಯಿ ಬಿಡುವುದಿಲ್ಲ. ಇದನ್ನು ಹೇಳಲು ಬರೆದೆ. ಚಿಕ್ಕಮ್ಮನೂ ಬಿಡುವುದಿಲ್ಲ, ಬೈಬಲ್ ಮುಟ್ಟಿಸಿದ್ದೇನೆ. ಅವಳು ಮುಟ್ಟಿದ್ದು ಎಡಗೈಯಲ್ಲಿ.

ನಲವತ್ತೊಂದನೇ ಸುರುಳಿ ಇನ್ನೂ ವಾಪಸ್ ಬಂದಿಲ್ಲ. ಅದರ ಮೇಣದ ಕಾಗದವೂ.

ವರ್ನಾ

*

ಫ್ಲಶಿಂಗ್
ಸೆಪ್ಟೆಂಬರ್ 13, 1959

ವರ್ನಾ,

ಎರಡು ಕಾಗದವೂ ತಲುಪಿದವು. ಮೊದಲನೆಯದನ್ನು ಓದಿ ಎರಡು ವಾರ ಸಿಟ್ಟಿನಲ್ಲಿದ್ದೆ. ನೀನು ಸುಳ್ಳು ಹೇಳಿದ್ದಕ್ಕೆ ಸಿಟ್ಟು ಅಂತ ನನಗೆ ನಾನೇ ಹೇಳಿಕೊಂಡೆ. ಅಂಟುಪಟ್ಟಿ ಬಿಚ್ಚಲಿಲ್ಲ. ಆಗಸ್ಟ್ ಕೊನೆಗೆ, ಶಿಷ್ಯರು ಯಾರೂ ಇಲ್ಲದ ಒಂದು ಭಾನುವಾರ, ಬಿಚ್ಚಿ ನಿನ್ನ ನಲವತ್ತೊಂದನೆಯದನ್ನು ಓಡಿಸಿದೆ.

ಸೆಕೆಂಡಿಗೊಂದು. ನಿನ್ನ ಗೋಡೆ.

ಗಡಿಯಾರದ ಬಗ್ಗೆ ನೀನು ಜನವರಿಯಲ್ಲೇ ಬರೆದಿದ್ದೆ. ನಾನು ಓದಿದ್ದೆ. ಆದರೂ ಅದು ರೇಡಿಯೇಟರ್ ಆಗಿರುವುದು ನನಗೆ ಬೇಕಿತ್ತು.

ಇಪ್ಪತ್ತಮೂರನೇ ಸುರುಳಿಯನ್ನು ವಾಪಸ್ ಕಳಿಸುವ ಮೊದಲು ನಕಲು ಮಾಡಿಟ್ಟುಕೊಂಡಿದ್ದೆ, ಅಂಟುಪಟ್ಟಿಯ ವೇಗದಲ್ಲೇ. ಬೇರೆ ಯಾವ ಶಿಷ್ಯನ ಸುರುಳಿಗೂ ಹಾಗೆ ಮಾಡಿಲ್ಲ. ಅಷ್ಟು ಹಿಡಿಸಿತ್ತು. ನಿನಗೆ ಬರೆದದ್ದು ಮಾತ್ರ 'ಅವಸರ'. ಚೀಟಿ ಅಂಟಿಸದೆ ಪೆಟ್ಟಿಗೆಗೆ ಎಸೆದು, ಮರೆತೆ.

1951ರ ಕಥೆಯೂ ಪೂರ್ತಿ ಅಲ್ಲ. ಮಾಂಸದ ಜಗಳ ನಡೆದದ್ದು ನಿಜ. ಅದಕ್ಕೂ ಮುಂಚೆಯೇ ನನ್ನ ಕೈ ನಿಂತಿತ್ತು. ಯಾರಾದರೂ ಕೇಳುತ್ತಿದ್ದಾರೆ ಅಂತ ಗೊತ್ತಾದರೆ ಏಳುತ್ತಿರಲಿಲ್ಲ. ಆ ಮನುಷ್ಯ ಕೂಗಿದ್ದು ನನಗೆ ಅನುಕೂಲವಾಯಿತು. 1954ರಿಂದೀಚೆಗೆ ಒಬ್ಬನೇ ಇದ್ದಾಗಲೂ ಏಳುವುದಿಲ್ಲ. 1956ರಲ್ಲಿ ನಾನು ಏನನ್ನೂ ನುಡಿಸಿರಲಿಲ್ಲ. ಅದು ನನಗೆ ಗೊತ್ತಿತ್ತು.

ಲಾಸ್ಕರನಿಗೆ ಹೇಳಿದೆ. "ಯಾರದು?" ಅಂದ. ಹೇಳಿದೆ. "ಓಹಾಯೋದಲ್ಲಿ ಇಸ್ತ್ರಿ ಮಾಡೋ ಹೆಂಗಸಾ? ಆಲ್ಡೋ, ಬಾಯಿ ಮುಚ್ಕೊಂಡಿರು ಮಾರಾಯ. ಯಾರಿಗ್ ಗೊತ್ತಾಗತ್ತೆ? ಅವಳಿಗೂ ಗೊತ್ತಾಗಲ್ಲ" ಅಂದ. "ಮೊದ್ಲು ಗೊತ್ತಾಗಿದ್ದೇ ಅವಳಿಗೆ" ಅಂದೆ. ಉಳಿದ ನಾಲ್ಕನ್ನಷ್ಟೇ ತಟ್ಟೆ ಮಾಡಲು ಅವನಿಗೆ ಮನಸ್ಸಿಲ್ಲ. ಅವನನ್ನು ದೂರುವುದಿಲ್ಲ. ಅದರ ಪಕ್ಕದಲ್ಲಿ ಆ ನಾಲ್ಕೂ ಪಾಠದ ಹಾಗೆ ಕೇಳಿಸುತ್ತವೆ. ತಟ್ಟೆ ಬರುವುದಿಲ್ಲ. ನಿನ್ನ ವಿಳಾಸ ಅವನಿಗೆ ಕೊಟ್ಟಿದ್ದೇನೆ. ಬರೆಯುತ್ತಾನೆ ಅಂತ ಕಾಯಬೇಡ.

ಈಗ ನಿನ್ನ ಪ್ರಶ್ನೆ. ಪ್ರತಿ ಸುರುಳಿಯ ವೇಗವನ್ನು ನಾನು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಅಂಟುಪಟ್ಟಿ ಸೇರಿಸಿದ್ದನ್ನು ಕಳೆದು ನಲವತ್ತೊಂದು ಸುರುಳಿಗಳಿಗೂ ಲೆಕ್ಕ ಹಾಕಿದೆ. ನೂರೆಪ್ಪತ್ತು ಅಂದಲ್ಲೆಲ್ಲ ನೂರರುವತ್ತು. ಒಂದು ಸಲವೂ ನೀನು ಅವಸರ ಮಾಡಿಲ್ಲ.

ಪರ್ಡಿಗೆ ಹೂಂ ಅನ್ನು.

ಇಪ್ಪತ್ತಮೂರನೆಯದನ್ನು ನಾನು ಹಾಡುತ್ತಿದ್ದೇನೆ, ನಿನ್ನ ವೇಗದಲ್ಲಿ, ನಿನ್ನ ಸ್ವರದಲ್ಲಿ. ಎರಡನೇ ವಾರ. ಇನ್ನೂ ಪಿಯಾನೋ ಮುಟ್ಟಿಲ್ಲ.

ಆಲ್ಡೋ ಬೆರಾರ್ಡಿ

*

ಯಂಗ್ಸ್‌ಟೌನ್
ಅಕ್ಟೋಬರ್ 11, 1959

ಬೆರಾರ್ಡಿ ಮೇಷ್ಟ್ರಿಗೆ,

ನಿಮ್ಮ ತಟ್ಟೆ ನನ್ನಿಂದ ನಿಂತಿತು. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ಬರೆಯಲಾಗದು. ಚಿಕ್ಕಮ್ಮ, "ಅವರಾಗೇ ನಿಲ್ಸಿದ್ದು ಕಣೇ, ಅದನ್ನೂ ನಿನ್ ತಲೆ ಮೇಲೆ ಹೊತ್ಕೋಬೇಡ, ಜಾಗ ಇಲ್ಲ" ಅನ್ನುತ್ತಾಳೆ. ಆದರೂ ಹೊತ್ತಿದ್ದೇನೆ.

ಲಾಸ್ಕರ್ ಬರೆದಿಲ್ಲ.

ಮೂರನೇ ತಾರೀಖು ಪರ್ಡಿಯವರ ಹಾಲ್‌ನಲ್ಲಿ ನುಡಿಸಲು ಕೂತೆ. ಮುಷ್ಕರ ಮುಗಿದಿಲ್ಲ, ಕೆಲಸವಿಲ್ಲದ ಗಂಡಸರೇ ತುಂಬಿದ್ದರು, ಕೋಟು ಬಿಚ್ಚದೆ. ಅಲ್ಲಿನ ಪಿಯಾನೋ ನಮ್ಮದಕ್ಕಿಂತ ಮೇಲಿನ ಶ್ರುತಿಯದು ಅಂತ ಗೊತ್ತಿತ್ತು. ಆದರೂ ಮೊದಲ ಸ್ವರ ಒತ್ತಿದಾಗ ಬೇರೆಯವರ ಮನೆಯ ಬಾಗಿಲು ತೆಗೆದ ಹಾಗಾಯಿತು. ನನ್ನದು ಅಂದುಕೊಂಡ ಹಾಡು ಅರ್ಧ ಸ್ವರ ಮೇಲೆ ನಿಂತು ನನ್ನನ್ನೇ ನೋಡುತ್ತಿತ್ತು. ನಿಲ್ಲಿಸಿದೆ. ಹಿಂದಿನಿಂದ ಒಬ್ಬರು, "ಏನವ್ವಾ, ಪಿಯಾನೋನೂ ಮುಷ್ಕರಾನಾ?" ಅಂದರು, ಜನ ನಕ್ಕರು. ನಿಮ್ಮ ಹಾಗೆ ಮುಚ್ಚಳ ಹಾಕಿ ಎದ್ದುಬಿಡೋಣ ಅನ್ನಿಸಿತು. ಕೈ ಮುಚ್ಚಳದ ಮೇಲೇ ಇತ್ತು.

ಆಗ ಹಾಡಿದೆ. ಬಾಯೊಳಗೆ, ನಮ್ಮ ಮನೆಯ ಸ್ವರದಲ್ಲಿ. ಹಾಡುತ್ತಲೇ ಎಲ್ಲವನ್ನೂ ಒಂದೊಂದು ಮೆಟ್ಟಿಲು ಕೆಳಗಿಳಿಸಿ ನುಡಿಸಿದೆ, ಬೆರಳಿಗೆ ಗೊತ್ತೇ ಇಲ್ಲದ ಕರಿ ಪಟ್ಟಿಗಳ ಮೇಲೆ. ಆ ದಾರಿಯನ್ನು ಎಂದೂ ಅಭ್ಯಾಸ ಮಾಡಿದವಳಲ್ಲ. ಬಾಯಿಗೆ ಗೊತ್ತಿದ್ದರಿಂದ ಬೆರಳು ಹಿಂದೆ ಬಂದವು. ಮೊದಲು ಯಾಕೆ ಹಾಡಿಸುತ್ತೀರಿ ಅಂತ ನಾಲ್ಕು ವರ್ಷ ಕೇಳದೆ ಉಳಿದಿದ್ದೆ, ಅವತ್ತು ಕೇಳುವ ಅಗತ್ಯ ಹೋಯಿತು. ಎಲ್ಲೋ ಎರಡು ಕಡೆ ಜಾರಿದೆ. ತಾಳ ಜಾರಲಿಲ್ಲ.

ಮುಗಿದಾಗ ಚಪ್ಪಾಳೆ ತಡವಾಗಿ ಬಂತು. ಹೋಗುವಾಗ ಅದೇ ಹಿಂದಿನ ಸಾಲಿನವರು ಹತ್ತಿರ ಬಂದು, "ನಿನ್ ಸಂಗೀತಕ್ಕೆ ಕುಣಿಯೋಕೂ ಆಗಲ್ಲ, ಎದ್ದು ಹೋಗೋಕೂ ಆಗಲ್ಲವಲ್ಲಮ್ಮ" ಅಂದರು. ಹೊಗಳಿದ್ದೋ ಬೈದದ್ದೋ ಅಂತ ಎಂಟು ದಿನದಿಂದ ಯೋಚಿಸುತ್ತಿದ್ದೇನೆ. ಮುಂದಿನ ಶನಿವಾರವೂ ಬಾ ಅಂತ ಪರ್ಡಿ ಹೇಳಿದ್ದಾರೆ.

ನೀವು ಪಿಯಾನೋ ಮುಟ್ಟಿದಿರಾ? ಮುಟ್ಟಿದ್ದರೆ ನಾನು ಕೇಳಲೇಬೇಕು ಅಂತಿಲ್ಲ. ಮುಟ್ಟಿದೆ ಅಂತ ಬರೆದರೆ ಸಾಕು.

ನಲವತ್ತೆರಡನೇ ಸುರುಳಿ ಇದರ ಜೊತೆ ಇದೆ. ಎರಡು ಸುತ್ತು ದಾರ, ಮೇಣದ ಕಾಗದ. ಮನೆಯ ಪಿಯಾನೋದಲ್ಲೇ ನುಡಿಸಿದ್ದು, ಹಿಂದೆ ಗಡಿಯಾರವೂ ಇದೆ. ಅಂಟುಪಟ್ಟಿ ಸುತ್ತಬೇಡಿ. ಇದ್ದ ಹಾಗೇ ಕೇಳಿ.

ವರ್ನಾ